ಸ್ಯಾಲರಿ ಕ್ಯಾಪ್ ಒಳಗೆ ಗೆಲ್ಲುವ ಹಾಕಿ ತಂಡ ಕಟ್ಟುವುದು ಹೇಗೆ

ಮೊದಲೇ ಹೇಳಿಬಿಡುತ್ತೇನೆ, ಇದು ಐಸ್ ಹಾಕಿಯ ವಿಷಯ. ಹಾಕಿ ಅಂದ ಕೂಡಲೇ ನಮ್ಮವರಿಗೆ ಕೊಡಗು ನೆನಪಾಗುತ್ತದೆ, ನನಗೂ ಹಾಗೇ. ಆದರೆ ಟೊರೊಂಟೊ ಪಕ್ಕದಲ್ಲಿ ಮನೆ ಮಾಡಿದ ಮೇಲೆ, ಅಕ್ಟೋಬರ್ ಬಂತೆಂದರೆ ಆಫೀಸು, ರೈಲು, ಮಕ್ಕಳ ಶಾಲೆಯ ಗೇಟು, ಎಲ್ಲಿ ನಿಂತರೂ ಎನ್‌ಎಚ್‌ಎಲ್ (ಉತ್ತರ ಅಮೆರಿಕದ ದೊಡ್ಡ ಐಸ್ ಹಾಕಿ ಲೀಗ್) ಮಾತೇ. ಆರು ವರ್ಷದ ಹಿಂದೆ ನಾವು ಎಂಟು ಜನ ಕನ್ನಡದ ಗೆಳೆಯರು ಸೇರಿ ಒಂದು ಲೀಗ್ ಶುರು ಮಾಡಿದೆವು. ಪ್ರತಿಯೊಬ್ಬರೂ ಒಂದೊಂದು ತಂಡದ ಜನರಲ್ ಮ್ಯಾನೇಜರ್. ಆಟಗಾರರು ನಿಜವಾದವರು, ಅವರ ಸಂಬಳವೂ ನಿಜವಾದದ್ದು. ಎನ್‌ಎಚ್‌ಎಲ್‌ನ ಸ್ಯಾಲರಿ ಕ್ಯಾಪೇ, ಅಂದರೆ ಇಡೀ ತಂಡದ ಸಂಬಳಕ್ಕೆ ಲೀಗ್ ಹಾಕಿದ ಗರಿಷ್ಠ ಮಿತಿಯೇ, ನಮ್ಮ ಕ್ಯಾಪ್. ಒಮ್ಮೆ ತೆಗೆದುಕೊಂಡ ಆಟಗಾರ ಅವನ ಕಾಂಟ್ರ್ಯಾಕ್ಟ್ ಮುಗಿಯುವವರೆಗೂ ನಿಮ್ಮ ತಲೆಯ ಮೇಲೆ.

ಹೊಸದಾಗಿ ಸೇರುವವರೆಲ್ಲ ಕೇಳುವ ಪ್ರಶ್ನೆ ಒಂದೇ: "ಯಾರನ್ನ ತಗೋಬೇಕು?" ಪ್ರಶ್ನೆಯೇ ತಪ್ಪು. "ಯಾರನ್ನು, ಎಷ್ಟಕ್ಕೆ, ಯಾವ ವರ್ಷದವರೆಗೆ" ಅಂತ ಕೇಳಬೇಕು. ಈ ಮೂರರಲ್ಲಿ ಕೊನೆಯದನ್ನು ಯಾರೂ ಕೇಳುವುದಿಲ್ಲ, ತಂಡಗಳು ಮುಳುಗುವುದು ಅಲ್ಲೇ. ಹಾಗಾಗಿ ನಾನು ಕಲಿತದ್ದನ್ನು ಒಂದೊಂದೇ ಹೆಜ್ಜೆಯಾಗಿ ಬರೆಯುತ್ತಿದ್ದೇನೆ. ನಮ್ಮಂಥ ಲೀಗ್ ಆಡುವವರಿಗೆ ಇದು ನೇರವಾಗಿ ಉಪಯೋಗಕ್ಕೆ ಬರುತ್ತದೆ. ಸುಮ್ನೆ ಪಂದ್ಯ ನೋಡುವವರಿಗೂ, ಒಳ್ಳೆ ಆಟಗಾರನನ್ನು ತಂಡದವರು ಯಾಕೆ ಬಿಟ್ಟುಕೊಟ್ಟರು ಅನ್ನುವುದು ಅರ್ಥವಾಗುತ್ತದೆ.

ಹೆಜ್ಜೆ 1: ಕ್ಯಾಪ್ ಅಂದರೆ ಏನು ಅಂತ ಸರಿಯಾಗಿ ತಿಳಿದುಕೊಳ್ಳಿ

2004-05ರಲ್ಲಿ ಮಾಲೀಕರಿಗೂ ಆಟಗಾರರಿಗೂ ಜಗಳವಾಗಿ ಇಡೀ ಸೀಸನ್ ನಡೆಯಲೇ ಇಲ್ಲ. ಆ ಜಗಳದಿಂದ ಹುಟ್ಟಿದ್ದು ಈ ಕ್ಯಾಪ್. 2005-06ರಲ್ಲಿ ಮೊದಲ ಮಿತಿ 39 ಮಿಲಿಯನ್ ಡಾಲರ್ ಇತ್ತು. 2025-26ರಲ್ಲಿ ಅದು 95.5 ಮಿಲಿಯನ್. 2026-27ಕ್ಕೆ 104, ಅದರ ಮುಂದಿನ ವರ್ಷಕ್ಕೆ 113.5 ಅಂತ 2025ರ ಜನವರಿಯಲ್ಲೇ ಹೇಳಿಬಿಟ್ಟಿದ್ದಾರೆ. ಬೇಸ್‌ಬಾಲ್‌ನಲ್ಲಿ ತೆರಿಗೆ ಕಟ್ಟಿ ಮಿತಿ ದಾಟಬಹುದು. ಇಲ್ಲಿ ಹಾಗಿಲ್ಲ. ಮಾಲೀಕ ಎಷ್ಟೇ ಸಿರಿವಂತನಾಗಿರಲಿ, ಗೆರೆ ಅಂದರೆ ಗೆರೆ. ಕೆಳಗೂ ಒಂದು ಗೆರೆ ಇದೆ, ಅದಕ್ಕಿಂತ ಕಡಿಮೆ ಖರ್ಚು ಮಾಡುವ ಹಾಗಿಲ್ಲ.

ಐಪಿಎಲ್ ಹರಾಜಿನ ಪರ್ಸ್ ನೋಡಿದವರಿಗೆ ಇದು ಹೊಸದಲ್ಲ ಅನ್ನಿಸಬಹುದು. ಆದರೆ ದೊಡ್ಡ ವ್ಯತ್ಯಾಸ ಇದೆ. ಐಪಿಎಲ್‌ನಲ್ಲಿ ಕೆಲವು ವರ್ಷಕ್ಕೊಮ್ಮೆ ದೊಡ್ಡ ಹರಾಜು ಬಂದು ತಪ್ಪುಗಳೆಲ್ಲ ತೊಳೆದುಹೋಗುತ್ತವೆ. ಎನ್‌ಎಚ್‌ಎಲ್‌ನಲ್ಲಿ ತನ್ನ ಆಟಗಾರನಿಗೆ ತಂಡ ಎಂಟು ವರ್ಷದ ಕಾಂಟ್ರ್ಯಾಕ್ಟ್ ಕೊಡಬಹುದು, ಹೊರಗಿನವನಿಗೆ ಏಳು ವರ್ಷ (2026ರ ಸೆಪ್ಟೆಂಬರ್‌ನಿಂದ ಇದು ಏಳು ಮತ್ತು ಆರಕ್ಕೆ ಇಳಿಯುತ್ತದೆ). ಇವತ್ತಿನ ತಪ್ಪು ನಿಮ್ಮ ಮಗಳು ಹೈಸ್ಕೂಲ್ ಮುಗಿಸುವವರೆಗೂ ಇರುತ್ತದೆ.

ಇನ್ನೊಂದು ಮಾತು. ಲೆಕ್ಕಕ್ಕೆ ಬರುವುದು ಆ ವರ್ಷ ಕೈಗೆ ಸಿಗುವ ಸಂಬಳವಲ್ಲ, ಕ್ಯಾಪ್ ಹಿಟ್. ಒಟ್ಟು ಹಣವನ್ನು ಒಟ್ಟು ವರ್ಷಗಳಿಂದ ಭಾಗಿಸಿದರೆ ಬರುವ ಸರಾಸರಿ ಅದು. ತಂಡದಲ್ಲಿ ಗರಿಷ್ಠ 23 ಜನ, ಒಂದು ಪಂದ್ಯಕ್ಕೆ ಇಳಿಯುವುದು 20: ಸಾಮಾನ್ಯವಾಗಿ 12 ಫಾರ್ವರ್ಡ್, 6 ಡಿಫೆನ್ಸ್, 2 ಗೋಲಿ (ಗೋಲ್‌ಕೀಪರ್). ಒಬ್ಬನೇ ಆಟಗಾರನಿಗೆ ಕ್ಯಾಪಿನ ಶೇ 20ಕ್ಕಿಂತ ಜಾಸ್ತಿ ಕೊಡುವಂತಿಲ್ಲ.

ಹೆಜ್ಜೆ 2: ಡಾಲರ್ ಮರೆತುಬಿಡಿ, ಶೇಕಡಾ ಬರೆಯಿರಿ

ಕಾನರ್ ಮೆಕ್‌ಡೇವಿಡ್ ಅವರ 12.5 ಮಿಲಿಯನ್‌ನ ಕಾಂಟ್ರ್ಯಾಕ್ಟ್ 2018-19ರಲ್ಲಿ ಶುರುವಾದಾಗ ಕ್ಯಾಪ್ ಇದ್ದದ್ದು 79.5. ಅಂದರೆ ಒಬ್ಬನೇ ಆಟಗಾರನಿಗೆ ಶೇ 15.7. ಅದೇ ಮೆಕ್‌ಡೇವಿಡ್ 2025ರ ಅಕ್ಟೋಬರ್‌ನಲ್ಲಿ ಅದೇ 12.5ಕ್ಕೆ ಇನ್ನೆರಡು ವರ್ಷಕ್ಕೆ ಸಹಿ ಮಾಡಿದರು. 104ರ ಕ್ಯಾಪಿನಲ್ಲಿ ಅದು ಬರೀ ಶೇ 12, ಅದರ ಮುಂದಿನ ವರ್ಷ ಶೇ 11. ಡಾಲರ್ ಬದಲಾಗಿಲ್ಲ, ಆದರೆ ಎಡ್ಮಂಟನ್‌ಗೆ ಇನ್ನೊಬ್ಬ ಒಳ್ಳೆಯ ಆಟಗಾರನಷ್ಟು ಜಾಗ ಸಿಕ್ಕಿತು. ಅದೇ ಹೊತ್ತಿಗೆ ಮಿನ್ನೆಸೋಟದ ಕಿರಿಲ್ ಕಪ್ರಿಜೋವ್ ಎಂಟು ವರ್ಷಕ್ಕೆ 136 ಮಿಲಿಯನ್, ಅಂದರೆ ವರ್ಷಕ್ಕೆ 17, ಅಂತ ಸಹಿ ಮಾಡಿದಾಗ ಇಲ್ಲಿ ಎಲ್ಲರೂ ಬಾಯಿ ಬಿಟ್ಟು ನೋಡಿದರು. 104ಕ್ಕೆ ಲೆಕ್ಕ ಹಾಕಿ, ಶೇ 16.3. ಮೆಕ್‌ಡೇವಿಡ್ 2018ರಲ್ಲಿ ತೆಗೆದುಕೊಂಡದ್ದಕ್ಕಿಂತ ಸ್ವಲ್ಪವೇ ಜಾಸ್ತಿ. ಹುಚ್ಚು ಬೆಲೆಯೇನಲ್ಲ, ಆದರೆ ಅಗ್ಗವೂ ಅಲ್ಲ.

ಹಾಗಾಗಿ ಹಳೆಯ ಹೋಲಿಕೆಗಳನ್ನು ಡಾಲರಿನಲ್ಲಿ ಮಾಡಬೇಡಿ. "ಅವನಿಗೆ ಎಂಟು ಕೊಟ್ಟಿದ್ದರು, ಇವನಿಗೂ ಎಂಟು" ಅನ್ನುವ ಮಾತಿಗೆ ವರ್ಷ ಗೊತ್ತಿಲ್ಲದೆ ಅರ್ಥವಿಲ್ಲ. 81.5ರ ಕಾಲದ 8 ಮಿಲಿಯನ್ ಶೇ 9.8, 104ರಲ್ಲಿ ಅದು ಶೇ 7.7.

ಹೆಜ್ಜೆ 3: ಆಟಗಾರರ ಪಟ್ಟಿಗಿಂತ ಮೊದಲು ಕ್ಯಾಲೆಂಡರ್ ಮಾಡಿ

ನನ್ನ ಪ್ರಕಾರ ಇಡೀ ಕೆಲಸದಲ್ಲಿ ಇದೇ ಮುಖ್ಯ, ಇಲ್ಲಿ ಒಂದು ಸಂಜೆ ಪೂರ್ತಿ ಕೂತರೂ ನಷ್ಟವಿಲ್ಲ. ಒಂದು ಎಕ್ಸೆಲ್ ಹಾಳೆ ತೆಗೆಯಿರಿ. ಎಡಕ್ಕೆ ಹೆಸರು, ಪಕ್ಕದಲ್ಲಿ ವಯಸ್ಸು, ಆಮೇಲೆ ಐದು ವರ್ಷಕ್ಕೆ ಐದು ಕಾಲಂ. ಪ್ರತಿಯೊಬ್ಬರ ಕ್ಯಾಪ್ ಹಿಟ್ ಯಾವ ವರ್ಷದವರೆಗೆ ಇದೆಯೋ ಅಲ್ಲಿಯವರೆಗೆ ತುಂಬಿ. ಕಾಂಟ್ರ್ಯಾಕ್ಟ್ ಮುಗಿದ ಮೇಲೆ ಆ ಮನೆ ಖಾಲಿ ಬಿಡಬೇಡಿ, ಅವನು ಮುಂದೆ ಎಷ್ಟು ಕೇಳಬಹುದು ಅಂತ ಒಂದು ಅಂದಾಜು ಬರೆದು ಕೆಂಪು ಬಣ್ಣ ಹಚ್ಚಿ. ಈಗ ಕೆಳಗೆ ಕೂಡಿಸಿ ನೋಡಿ. ಯಾವುದೋ ಒಂದು ವರ್ಷ ಮೊತ್ತ ಧಿಡೀರನೆ ಏರಿರುತ್ತದೆ. ಆ ವರ್ಷ ನಿಮ್ಮ ತಂಡ ಒಡೆಯುವ ವರ್ಷ. ಅದಕ್ಕಿಂತ ಹಿಂದಿನ ವರ್ಷ ನೀವು ಗೆಲ್ಲಲು ಪೂರ್ತಿ ಪ್ರಯತ್ನ ಮಾಡಬೇಕಾದ ವರ್ಷ.

ಶಿಕಾಗೊ ಬ್ಲ್ಯಾಕ್‌ಹಾಕ್ಸ್ ಇದಕ್ಕೆ ಒಳ್ಳೆಯ ಪಾಠ. 2010ರಲ್ಲಿ ಅವರು ಸ್ಟ್ಯಾನ್ಲಿ ಕಪ್ (ಎನ್‌ಎಚ್‌ಎಲ್ ಚಾಂಪಿಯನ್ ಪ್ರಶಸ್ತಿ) ಗೆದ್ದಾಗ ಪ್ಯಾಟ್ರಿಕ್ ಕೇನ್, ಜೋನಾಥನ್ ಟೇವ್ಸ್ ಇಬ್ಬರೂ ಮೊದಲ ಕಾಂಟ್ರ್ಯಾಕ್ಟಿನ ಕೊನೆಯ ವರ್ಷದಲ್ಲಿದ್ದರು. ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸುವ ಪದ್ಧತಿ) ಬಂದ 18ರಿಂದ 21 ವಯಸ್ಸಿನ ಹುಡುಗರಿಗೆ ಮೊದಲ ಮೂರು ವರ್ಷ ಇಂತಿಷ್ಟೇ ಮೂಲ ಸಂಬಳ ಅಂತ ನಿಯಮ ಇದೆ, ಎಷ್ಟೇ ದೊಡ್ಡ ಆಟಗಾರನಾದರೂ ಅಷ್ಟೇ. ಮುಂದಿನ ವರ್ಷದಿಂದ ಇಬ್ಬರಿಗೂ 6.3 ಮಿಲಿಯನ್ ಶುರುವಾಗುವುದಿತ್ತು. ಕಪ್ ಎತ್ತಿದ ಕೆಲವೇ ವಾರಗಳಲ್ಲಿ ಡಸ್ಟಿನ್ ಬಫ್ಲಿನ್, ಆಂಡ್ರೂ ಲ್ಯಾಡ್, ಕ್ರಿಸ್ ವರ್ಸ್ಟೀಗ್ ಎಲ್ಲ ಬೇರೆ ತಂಡಕ್ಕೆ ಹೋದರು, ಬೇಸಿಗೆ ಮುಗಿಯುವ ಹೊತ್ತಿಗೆ ಗೋಲಿ ಆಂಟಿ ನಿಯೆಮಿ ಕೂಡ. ಹೊರಗಿನಿಂದ ನೋಡಿದವರಿಗೆ ಇದು ಹುಚ್ಚಾಟ ಅನ್ನಿಸಿತು. ಆದರೆ ಕೇನ್, ಟೇವ್ಸ್ ಅವರ ಮುಂದಿನ ಕಾಲಂ ನೋಡಿದವರಿಗೆ ಇದು ಮೊದಲೇ ಕಾಣುತ್ತಿತ್ತು. ಮುಖ್ಯವಾದ ಕೆಲವರನ್ನು ಉಳಿಸಿಕೊಂಡರು, ಸುತ್ತಲಿನವರನ್ನು ಬಿಟ್ಟರು. 2013ರಲ್ಲಿ, 2015ರಲ್ಲಿ ಮತ್ತೆ ಗೆದ್ದರು.

ನಿಮ್ಮ ಹಾಳೆಯಲ್ಲೂ ಹಸಿರು ಬಣ್ಣದಲ್ಲಿ ಈ ಮೊದಲ ಕಾಂಟ್ರ್ಯಾಕ್ಟಿನ ಹುಡುಗರನ್ನು ಗುರುತು ಮಾಡಿ. ಇಂಥ ಇಬ್ಬರು ಮೇಲಿನ ಸಾಲಿನಲ್ಲಿ ಆಡುತ್ತಿದ್ದರೆ ನಿಮಗೆ ಎರಡು ವರ್ಷದ ಕಿಟಕಿ ತೆರೆದಿದೆ ಅಂತ ಲೆಕ್ಕ.

ಹೆಜ್ಜೆ 4: ಮೇಲಿನ ಇಬ್ಬರು ಮೂವರಿಗೆ ಧೈರ್ಯವಾಗಿ ಕೊಡಿ, ಆದರೆ ಬೇಗ ಕೊಡಿ

ಇದನ್ನು ಹೇಳಿದರೆ ಇಲ್ಲಿಯವರು ಕೂಡಲೇ ಟೊರೊಂಟೊ ಮೇಪಲ್ ಲೀಫ್ಸ್ ಕಡೆ ಕೈ ತೋರಿಸುತ್ತಾರೆ. ನಾನೂ ಅದೇ ತಂಡದ ಅಭಿಮಾನಿ, ನೋವು ಗೊತ್ತು. ಆ ತಂಡದ ನಾಲ್ವರು ಸ್ಟಾರ್‌ಗಳ ಕ್ಯಾಪ್ ಹಿಟ್, ಮಿಲಿಯನ್ ಲೆಕ್ಕದಲ್ಲಿ: ಟವಾರೆಸ್ 11, ಮ್ಯಾಥ್ಯೂಸ್ 11.64, ಮಾರ್ನರ್ 10.9, ನೈಲ್ಯಾಂಡರ್ 6.96. ಕೂಡಿಸಿದರೆ 40.5. ಆಗಿನ ಕ್ಯಾಪ್ 81.5, ಅಂದರೆ ನಾಲ್ಕು ಜನಕ್ಕೆ ಅರ್ಧ ಕ್ಯಾಪ್. 2018ರಲ್ಲಿ ಟವಾರೆಸ್ ಬಂದ ಮೇಲಿನ ಏಳು ಸೀಸನ್‌ಗಳಲ್ಲಿ ಗೆದ್ದದ್ದು ಎರಡೇ ಪ್ಲೇಆಫ್ ಸರಣಿ: 2023ರಲ್ಲಿ ಟ್ಯಾಂಪಾ ಮೇಲೆ, 2025ರಲ್ಲಿ ಒಟ್ಟಾವ ಮೇಲೆ. 1967ರ ನಂತರ ಕಪ್ ಕಂಡಿಲ್ಲದ ಊರು ಇದು.

ಹಾಗಾದರೆ ಸ್ಟಾರ್‌ಗಳಿಗೆ ಹಣ ಕೊಟ್ಟದ್ದೇ ತಪ್ಪೇ? ನಾನು ಹಾಗೆ ಹೇಳುವುದಿಲ್ಲ. ಎರಡು ವಿಷಯ ಆಯಿತು. ಒಂದು, ಕೋವಿಡ್ ಬಂದು ಕ್ಯಾಪ್ 81.5ರಲ್ಲೇ ಮೂರು ಸೀಸನ್ ನಿಂತುಬಿಟ್ಟಿತು, ಅದು ಏರುತ್ತದೆ ಅಂತ ನಂಬಿ ಮಾಡಿದ ಲೆಕ್ಕ ಕೈಕೊಟ್ಟಿತು. ಇನ್ನೊಂದು, ನಾಲ್ವರೂ ಫಾರ್ವರ್ಡ್‌ಗಳು. ಡಿಫೆನ್ಸಿಗೂ ಗೋಲಿಗೂ ಉಳಿದದ್ದು ಚಿಲ್ಲರೆ.

ಈಗ ಇನ್ನೊಂದು ಪಕ್ಕ ನೋಡಿ. ಕೊಲೊರಾಡೊ 2016ರಲ್ಲಿ ನೇಥನ್ ಮೆಕಿನನ್ ಅವರನ್ನು ಏಳು ವರ್ಷ, ವರ್ಷಕ್ಕೆ 6.3 ಮಿಲಿಯನ್‌ನಂತೆ ಕಟ್ಟಿಹಾಕಿತು, ಅವರು ಇನ್ನೂ ದೊಡ್ಡ ಹೆಸರಾಗುವ ಮೊದಲೇ. 2022ರಲ್ಲಿ ಕಪ್ ಗೆದ್ದಾಗಲೂ ಅವರ ಕ್ಯಾಪ್ ಹಿಟ್ ಅದೇ 6.3. ಎಡ್ಮಂಟನ್‌ನ ಲಿಯಾನ್ ಡ್ರೈಸೈಟಲ್ 2017ರಲ್ಲಿ ಎಂಟು ವರ್ಷಕ್ಕೆ 8.5ರಂತೆ ಸಹಿ ಮಾಡಿದಾಗ ಜಾಸ್ತಿ ಆಯಿತು ಅಂದವರು ತುಂಬಾ ಜನ ಇದ್ದರು. ಆ ಕಾಂಟ್ರ್ಯಾಕ್ಟ್ ಮುಗಿದಾಗ ಅವರ ಹೊಸ ಬೆಲೆ 14.

ಹಾಗಾಗಿ ನಿಯಮ ಹೀಗೆ ಇಟ್ಟುಕೊಳ್ಳಿ: 22, 23 ವಯಸ್ಸಿನವನು, ಮೊದಲ ಕಾಂಟ್ರ್ಯಾಕ್ಟ್ ಮುಗಿಯುತ್ತಿದೆ, ಪ್ರತಿ ವರ್ಷ ಆಡುವ ನಿಮಿಷ ಏರುತ್ತಿದೆ. ಇವನ ಮೇಲೆ ಉದ್ದನೆಯ ಪಣ ಹಾಕಿ. ಸಾಮಾನ್ಯವಾಗಿ 27 ವಯಸ್ಸಿಗೆ ಅಥವಾ ಏಳು ಸೀಸನ್ ಮುಗಿದ ಮೇಲೆ ಆಟಗಾರ ಪೂರ್ತಿ ಸ್ವತಂತ್ರನಾಗುತ್ತಾನೆ. ಜುಲೈ 1ರಂದು ಮಾರುಕಟ್ಟೆಗೆ ಬರುವ 29, 30ರ ಆಟಗಾರನಿಗೆ ಕೊಡುವ ಹಣ ಅವನು ಆಗಲೇ ಆಡಿ ಮುಗಿಸಿದ ಆಟಕ್ಕೆ ಕೊಡುವ ಹಣ.

ಸ್ಥಾನದ ಬಗ್ಗೆ ಒಂದು ಮಾತು. ಅನುಮಾನ ಬಂದರೆ ಸೆಂಟರ್ ಆಡುವವನನ್ನು ತೆಗೆದುಕೊಳ್ಳಿ. ಸೆಂಟರ್ ಆಡುವವನು ವಿಂಗ್ ಕೂಡ ಆಡುತ್ತಾನೆ, ವಿಂಗರ್‌ನನ್ನು ಸೆಂಟರ್‌ಗೆ ನಿಲ್ಲಿಸುವುದು ಕಷ್ಟ. ಡಿಫೆನ್ಸಿನಲ್ಲಿ ಬಲಗಡೆ ಸ್ಟಿಕ್ ಹಿಡಿಯುವವರು ಕಡಿಮೆ, ಸಿಕ್ಕರೆ ಬಿಡಬೇಡಿ.

ಹೆಜ್ಜೆ 5: ಮಧ್ಯದ ಸಾಲಿನಲ್ಲಿ ಕೈ ಬಿಗಿ ಹಿಡಿಯಿರಿ

ಎಲ್ಲರೂ ಸ್ಟಾರ್ ಸಂಬಳದ ಬಗ್ಗೆ ಜಗಳ ಆಡುತ್ತಾರೆ, ಆದರೆ ನಾನು ನೋಡಿದ ಮಟ್ಟಿಗೆ ಕ್ಯಾಪ್ ಸೋರುವುದು 3ರಿಂದ 6 ಮಿಲಿಯನ್‌ನ ಮಧ್ಯೆ. ಒಳ್ಳೆಯವನು, ಅನುಭವಿ, ಲಾಕರ್ ರೂಮಿನಲ್ಲಿ ಎಲ್ಲರಿಗೂ ಬೇಕಾದವನು, ಮೂವತ್ತು ದಾಟಿದವನು. ಇಂಥ ನಾಲ್ವರಿಗೆ ಒಂದೊಂದು ವರ್ಷ ಜಾಸ್ತಿ ಕೊಟ್ಟರೆ ಮುಗಿಯಿತು.

ಟೊರೊಂಟೊ 2017ರಲ್ಲಿ ಪ್ಯಾಟ್ರಿಕ್ ಮಾರ್ಲೋ ಅವರಿಗೆ 37ನೇ ವಯಸ್ಸಿನಲ್ಲಿ ಮೂರು ವರ್ಷ ಕೊಟ್ಟಿತು, ವರ್ಷಕ್ಕೆ 6.25. ಮಾರ್ಲೋ ದೊಡ್ಡ ಆಟಗಾರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೂರನೇ ವರ್ಷ ಬಂದಾಗ ಹುಡುಗರಿಗೆ ಹಣ ಬೇಕಾಗಿತ್ತು, ಜಾಗ ಇರಲಿಲ್ಲ. 35 ದಾಟಿದ ಮೇಲಿನ ಕಾಂಟ್ರ್ಯಾಕ್ಟ್ ಆದ್ದರಿಂದ ಬೈಔಟ್ ಮಾಡಿದರೂ (ಒಂದಿಷ್ಟು ಹಣ ಕೊಟ್ಟು ಕಾಂಟ್ರ್ಯಾಕ್ಟ್ ಮುರಿದರೂ) ಕ್ಯಾಪ್ ಇಳಿಯುತ್ತಿರಲಿಲ್ಲ. ಕೊನೆಗೆ 2019ರ ಜೂನ್‌ನಲ್ಲಿ ಆ ಒಂದು ವರ್ಷದ ಕಾಂಟ್ರ್ಯಾಕ್ಟನ್ನು ಕ್ಯಾರೊಲಿನಾಗೆ ದಾಟಿಸಲು ಜೊತೆಗೆ ಮೊದಲ ಸುತ್ತಿನ ಡ್ರಾಫ್ಟ್ ಆಯ್ಕೆ ಕೊಡಬೇಕಾಯಿತು. ಆ ಆಯ್ಕೆಯಲ್ಲಿ 2020ರಲ್ಲಿ ಕ್ಯಾರೊಲಿನಾ ತೆಗೆದುಕೊಂಡದ್ದು ಸೆತ್ ಜಾರ್ವಿಸ್ ಅವರನ್ನು. ಅವರು ಇವತ್ತು ಆ ತಂಡದ ಮೇಲಿನ ಸಾಲಿನ ಆಟಗಾರ. ಒಂದು ಜಾಸ್ತಿ ವರ್ಷದ ಬೆಲೆ ಒಬ್ಬ ಜಾರ್ವಿಸ್.

ಎಡ್ಮಂಟನ್‌ನ 2024ರ ಬೇಸಿಗೆ ಇನ್ನೂ ಸೂಕ್ಷ್ಮ. ಫೈನಲ್‌ನಲ್ಲಿ ಏಳನೇ ಪಂದ್ಯದಲ್ಲಿ ಸೋತ ತಂಡ ಅದು, ಇನ್ನೊಂದೇ ಹೆಜ್ಜೆ ಅನ್ನುವ ಆಸೆ ಸಹಜ. ಜುಲೈ 1ರಂದು ವಿಕ್ಟರ್ ಆರ್ವಿಡ್ಸನ್‌ಗೆ 4, ಜೆಫ್ ಸ್ಕಿನ್ನರ್‌ಗೆ 3 ಕೊಟ್ಟು ಕ್ಯಾಪ್ ತುಂಬಿಸಿಕೊಂಡರು. ಆದರೆ ಅವರದೇ ಮೊದಲ ಸುತ್ತಿನ ಇಬ್ಬರು ಹುಡುಗರು, ಫಿಲಿಪ್ ಬ್ರೋಬರ್ಗ್ ಮತ್ತು ಡಿಲನ್ ಹಾಲೋವೇ, ಇನ್ನೂ ಸಹಿ ಮಾಡಿರಲಿಲ್ಲ. ಆಗಸ್ಟ್‌ನಲ್ಲಿ ಸೇಂಟ್ ಲೂಯಿಸ್ ಇಬ್ಬರಿಗೂ ಆಫರ್ ಶೀಟ್ (ಬೇರೆ ತಂಡದ ಹುಡುಗನಿಗೆ ನೇರವಾಗಿ ಕೊಡುವ ಕಾಂಟ್ರ್ಯಾಕ್ಟ್ ಆಫರ್) ಕೊಟ್ಟಿತು, ಒಬ್ಬನಿಗೆ 4.58, ಇನ್ನೊಬ್ಬನಿಗೆ 2.29. ಅಷ್ಟೇ ಹಣ ಕೊಟ್ಟು ಉಳಿಸಿಕೊಳ್ಳಲು ಎಡ್ಮಂಟನ್‌ಗೆ ಏಳು ದಿನ ಇತ್ತು. ಉಳಿಸಿಕೊಳ್ಳಲಿಲ್ಲ. ಸಿಕ್ಕದ್ದು ಎರಡನೇ ಸುತ್ತಿನ ಒಂದು, ಮೂರನೇ ಸುತ್ತಿನ ಒಂದು ಆಯ್ಕೆ. ಹಾಲೋವೇ ಮುಂದಿನ ಸೀಸನ್‌ನಲ್ಲಿ 26 ಗೋಲ್ ಹೊಡೆದರು. ಆರ್ವಿಡ್ಸನ್ ಒಂದೇ ವರ್ಷದಲ್ಲಿ ಬೋಸ್ಟನ್‌ಗೆ ಹೋದರು.

ಇದರಿಂದ ನಾನು ಕಲಿತದ್ದು: ಮೊದಲು ನಿಮ್ಮ ಮನೆಯ ಹುಡುಗರ ಕಾಂಟ್ರ್ಯಾಕ್ಟ್ ಮುಗಿಸಿ, ಆಮೇಲೆ ಅಂಗಡಿಗೆ ಹೋಗಿ. ಜುಲೈ 1 ಹಬ್ಬದ ಸಂತೆ ಇದ್ದ ಹಾಗೆ. ಅವತ್ತು ಎಲ್ಲದಕ್ಕೂ ಬೆಲೆ ಜಾಸ್ತಿ. ಆಗಸ್ಟ್ ಕೊನೆಯವರೆಗೆ ತಂಡ ಸಿಗದೆ ಕಾಯುವ ಒಳ್ಳೆಯವರು ಪ್ರತಿ ವರ್ಷ ಇದ್ದೇ ಇರುತ್ತಾರೆ, ಒಂದು ವರ್ಷಕ್ಕೆ ಕಡಿಮೆ ಹಣಕ್ಕೆ ಬರುತ್ತಾರೆ.

ಹೆಜ್ಜೆ 6: ಬೇರೆಯವರು ಬಿಟ್ಟದ್ದನ್ನು ಹುಡುಕಿ

ನನಗೆ ಈ ಆಟದಲ್ಲಿ ಅತಿ ಖುಷಿ ಕೊಡುವ ಭಾಗ ಇದು. ಮೇಲೆ ಕೊಟ್ಟ ಹಣವನ್ನು ಎಲ್ಲಿಂದಲೋ ವಾಪಸ್ ತರಬೇಕಲ್ವಾ? ಇಲ್ಲಿಂದಲೇ.

ಫ್ಲಾರಿಡಾ ಪ್ಯಾಂಥರ್ಸ್ 2024 ಮತ್ತು 2025ರಲ್ಲಿ ಸತತವಾಗಿ ಕಪ್ ಗೆದ್ದದ್ದು ಎಲ್ಲರಿಗೂ ಗೊತ್ತು. ಬಾರ್ಕೊವ್, ಟ್ಕಾಚುಕ್ ಅಂತ ದೊಡ್ಡ ಹೆಸರು ಇದ್ದವು, ನಿಜ. ಆದರೆ ಕಾರ್ಟರ್ ವರ್ಹೇಗಿ ಎಲ್ಲಿಂದ ಬಂದರು ನೋಡಿ. 2020ರಲ್ಲಿ ಟ್ಯಾಂಪಾ ಕಪ್ ಗೆದ್ದಿತ್ತು, ಕ್ಯಾಪ್ ತುಂಬಿತ್ತು, ಅವರಿಗೆ ಕ್ವಾಲಿಫೈಯಿಂಗ್ ಆಫರ್ (ಆಟಗಾರನ ಮೇಲಿನ ಹಕ್ಕು ಉಳಿಸಿಕೊಳ್ಳಲು ತಂಡ ಕೊಡಬೇಕಾದ ಕನಿಷ್ಠ ಆಫರ್) ಕೂಡ ಕೊಡದೆ ಬಿಟ್ಟರು. ಫ್ಲಾರಿಡಾ ವರ್ಷಕ್ಕೆ ಒಂದು ಮಿಲಿಯನ್‌ಗೆ ಕರೆದುಕೊಂಡಿತು. 2022-23ರಲ್ಲಿ 42 ಗೋಲ್. 2024ರ ಫೈನಲ್‌ನ ಏಳನೇ ಪಂದ್ಯದ ಮೊದಲ ಗೋಲ್ ಅವರದೇ. ಗುಸ್ತಾವ್ ಫೋರ್ಸ್ಲಿಂಗ್ ಇನ್ನೂ ಅಗ್ಗ. 2021ರ ಜನವರಿಯಲ್ಲಿ ಕ್ಯಾರೊಲಿನಾ ವೇವರ್‌ಗೆ (ಬೇರೆ ತಂಡಗಳು ಹಾಗೇ ಎತ್ತಿಕೊಳ್ಳಬಹುದಾದ ಪಟ್ಟಿಗೆ) ಹಾಕಿದಾಗ ಫ್ಲಾರಿಡಾ ಪುಕ್ಕಟೆಯಾಗಿ ಎತ್ತಿಕೊಂಡಿತು. ಮೊದಲ ಕಪ್ ಗೆದ್ದಾಗ ಅವರು ಆ ತಂಡದ ಅತ್ಯುತ್ತಮ ಡಿಫೆನ್ಸ್ ಆಟಗಾರ, ಕ್ಯಾಪ್ ಹಿಟ್ 2.67.

ಹುಡುಕುವುದಕ್ಕೆ ವರ್ಷದಲ್ಲಿ ಎರಡು ಸಮಯ ಮುಖ್ಯ. ಒಂದು, ಜೂನ್ ಕೊನೆ. ಕ್ವಾಲಿಫೈಯಿಂಗ್ ಆಫರ್ ಸಿಗದವರ ಪಟ್ಟಿ ಆಗ ಹೊರಬೀಳುತ್ತದೆ. ಇನ್ನೊಂದು, ಸೀಸನ್ ಶುರುವಾಗುವ ಹಿಂದಿನ ವಾರ. 23ಕ್ಕೆ ಇಳಿಸಬೇಕಾದ ಒತ್ತಡದಲ್ಲಿ ತಂಡಗಳು ಒಳ್ಳೆಯವರನ್ನೂ ವೇವರ್‌ಗೆ ಹಾಕುತ್ತವೆ. ಪಟ್ಟಿ ಬಂದಾಗ ಗೋಲ್ ಎಷ್ಟು ಅಂತ ನೋಡಬೇಡಿ. 23ರಿಂದ 25 ವಯಸ್ಸಿನವನೇ, ಐವರ ಎದುರು ಐವರು ಆಡುವಾಗ ಅವನು ಇದ್ದ ಹೊತ್ತಿನಲ್ಲಿ ತಂಡದ ಶಾಟ್ ಜಾಸ್ತಿಯೋ ಎದುರಾಳಿಯದೋ, ಪವರ್‌ಪ್ಲೇ (ಎದುರಾಳಿಯ ಒಬ್ಬ ಶಿಕ್ಷೆಯಿಂದ ಹೊರಗಿರುವ ಹೊತ್ತು) ಆಡುವ ಅವಕಾಶ ಸಿಕ್ಕಿದೆಯೇ ಇಲ್ಲವೇ, ಅವನ ಮುಂದೆ ಆ ತಂಡದಲ್ಲಿ ಎಷ್ಟು ದೊಡ್ಡ ಹೆಸರುಗಳಿದ್ದವು, ಇಷ್ಟು ನೋಡಿ. ಕಡಿಮೆ ನಿಮಿಷದಲ್ಲಿ ಒಳ್ಳೆ ಕೆಲಸ ಮಾಡಿದವನಿಗೆ ಜಾಸ್ತಿ ನಿಮಿಷ ಕೊಟ್ಟರೆ ಏನಾಗುತ್ತದೆ ಅನ್ನುವುದೇ ನಿಮ್ಮ ಪಣ. ಐದರಲ್ಲಿ ಒಬ್ಬ ಗೆದ್ದರೂ ಲಾಭವೇ, ಉಳಿದ ನಾಲ್ವರಿಗೆ ಹೋದದ್ದು ಕನಿಷ್ಠ ಸಂಬಳ ಮಾತ್ರ.

ಹಾಗೇ, ಫ್ಲಾರಿಡಾ, ಟೆಕ್ಸಸ್, ನೆವಾಡ, ಟೆನ್ನೆಸಿ ರಾಜ್ಯಗಳಲ್ಲಿ ಸಂಬಳದ ಮೇಲೆ ರಾಜ್ಯ ತೆರಿಗೆ ಇಲ್ಲ. ಅಲ್ಲಿ ಆಡುವವರು ಸ್ವಲ್ಪ ಕಡಿಮೆಗೆ ಒಪ್ಪಿಕೊಳ್ಳಬಲ್ಲರು. ನಮ್ಮಂಥ ಗೆಳೆಯರ ಲೀಗಿನಲ್ಲಿ ಇದರ ಲಾಭ ನಿಮಗೆ, ಏಕೆಂದರೆ ಅದೇ ಗುಣದ ಆಟಗಾರ ನಿಮ್ಮ ಹಾಳೆಯಲ್ಲಿ ಅರ್ಧ ಮಿಲಿಯನ್ ಕಡಿಮೆಗೆ ಕೂರಬಹುದು.

ಹೆಜ್ಜೆ 7: ಗೋಲಿ

ಇಲ್ಲಿ ನಾನೇ ಸುಟ್ಟುಕೊಂಡಿದ್ದೇನೆ. ಲೀಗಿನ ಎರಡನೇ ವರ್ಷ, ಒಂದು ವಸಂತ ಕಾಲ ಅದ್ಭುತವಾಗಿ ಆಡಿದ ಒಬ್ಬ ಗೋಲಿಯನ್ನು ತೆಗೆದುಕೊಂಡೆ. ಕಾಂಟ್ರ್ಯಾಕ್ಟಿನಲ್ಲಿ ಇನ್ನೂ ನಾಲ್ಕು ವರ್ಷ ಇತ್ತು. ಮುಂದಿನ ವರ್ಷದಿಂದಲೇ ಅವನು ಸಾಧಾರಣ. ನಾಲ್ಕೂ ವರ್ಷ ಆ ಸಾಲು ನನ್ನ ಹಾಳೆಯಲ್ಲಿ ಕೂತಿತ್ತು, ತೆಗೆದುಕೊಳ್ಳುವವರು ಯಾರೂ ಇರಲಿಲ್ಲ.

ಗೋಲಿಗಳ ಆಟ ವರ್ಷದಿಂದ ವರ್ಷಕ್ಕೆ ತುಂಬಾ ಏರಿಳಿಯುತ್ತದೆ. 2019ರ ಜನವರಿಯಲ್ಲಿ ಸೇಂಟ್ ಲೂಯಿಸ್ ಲೀಗಿನ ಕೊನೆಯ ಸ್ಥಾನದಲ್ಲಿತ್ತು. ಜೋರ್ಡನ್ ಬಿನ್ನಿಂಗ್ಟನ್ ಅನ್ನುವ, 6.5 ಲಕ್ಷ ಡಾಲರ್ ಸಂಬಳದ ಹುಡುಗನನ್ನು ನಿಲ್ಲಿಸಿದರು, ಜೂನ್‌ನಲ್ಲಿ ಕಪ್ ಎತ್ತಿದರು. 2023ರಲ್ಲಿ ವೇಗಸ್ ಗೆದ್ದಾಗ ಗೋಲಿ ಏಡಿನ್ ಹಿಲ್, 2.175 ಮಿಲಿಯನ್. ಇನ್ನೊಂದು ಕಡೆ ಸರ್ಗೇ ಬೊಬ್ರೊವ್ಸ್ಕಿ ವರ್ಷಕ್ಕೆ 10 ಮಿಲಿಯನ್ ಪಡೆದು ಎರಡು ಕಪ್ ಗೆಲ್ಲಿಸಿದರು, ಆದರೆ ಅದಕ್ಕೆ ಮೊದಲು ಆ ಕಾಂಟ್ರ್ಯಾಕ್ಟನ್ನು ಫ್ಲಾರಿಡಾದವರು ವರ್ಷಗಟ್ಟಲೆ ಹೊರೆ ಅಂತಲೇ ಕರೆಯುತ್ತಿದ್ದರು. ನನ್ನ ಈಗಿನ ಪದ್ಧತಿ: ಇಬ್ಬರೂ ಸೇರಿ ಕ್ಯಾಪಿನ ಶೇ 8 ದಾಟಬಾರದು, ಯಾರಿಗೂ ಮೂರು ವರ್ಷಕ್ಕಿಂತ ಜಾಸ್ತಿ ಉಳಿದಿರಬಾರದು.

ಹೆಜ್ಜೆ 8: ಈಗ 104 ಮಿಲಿಯನ್ ಹಂಚಿ

ನಾನು ಕಾಗದದ ಮೇಲೆ ಹೀಗೆ ಹಂಚುತ್ತೇನೆ. ಇಬ್ಬರು ಸ್ಟಾರ್ ಫಾರ್ವರ್ಡ್‌ಗಳಿಗೆ 12.5ರಂತೆ 25. ಅವರ ಕೆಳಗೆ ಮೂವರಿಗೆ ಏಳರಂತೆ 21. ಮೂರನೇ ಸಾಲಿನ ಮೂವರಿಗೆ ನಾಲ್ಕರಂತೆ 12. ಮೊದಲ ಕಾಂಟ್ರ್ಯಾಕ್ಟಿನ ಇಬ್ಬರು ಹುಡುಗರಿಗೆ ಸುಮಾರು 2. ಕೊನೆಯ ಮೂವರು ಕನಿಷ್ಠ ಸಂಬಳದ ಹತ್ತಿರದವರು, ಒಟ್ಟು 2.85. ಹದಿಮೂರು ಫಾರ್ವರ್ಡ್‌ಗಳಿಗೆ 62.85 ಆಯಿತು. ಡಿಫೆನ್ಸಿನಲ್ಲಿ ಒಬ್ಬನಿಗೆ 10, ಒಬ್ಬನಿಗೆ 7.5, ಇಬ್ಬರಿಗೆ 4.5ರಂತೆ 9, ಒಬ್ಬನಿಗೆ 2.5, ಉಳಿದ ಇಬ್ಬರಿಗೆ 1.9. ಒಟ್ಟು 30.9. ಗೋಲಿಗಳಿಗೆ 8. ಕೂಡಿಸಿ: 101.75. ಕೈಯಲ್ಲಿ 2.25 ಉಳಿದಿದೆ, 22 ಜನ ಇದ್ದಾರೆ, ಒಂದು ಜಾಗ ಖಾಲಿ. ಆ ಖಾಲಿ ಜಾಗ, ಆ ಉಳಿಕೆ ಎರಡನ್ನೂ ತುಂಬಿಸಬೇಡಿ. ಯಾಕೆ ಅಂತ ಹತ್ತನೇ ಹೆಜ್ಜೆಯಲ್ಲಿ ಹೇಳುತ್ತೇನೆ.

ಬೇಸಿಗೆಯಲ್ಲಿ ಕ್ಯಾಪಿಗಿಂತ ಶೇ 10 ಮೇಲೆ ಹೋಗಲು ಅವಕಾಶ ಇದೆ, ಸೀಸನ್ ಶುರುವಾಗುವಾಗ ಒಳಗೆ ಬಂದರೆ ಸಾಕು. ಆದರೆ ಎಲ್ಲರಿಗೂ ನಿಮ್ಮ ಲೆಕ್ಕ ಕಾಣುತ್ತದೆ. ಸೆಪ್ಟೆಂಬರ್‌ನಲ್ಲಿ ಮಾರಲೇಬೇಕಾದವನಿಗೆ ಯಾರೂ ಒಳ್ಳೆ ಬೆಲೆ ಕೊಡುವುದಿಲ್ಲ.

ಹೆಜ್ಜೆ 9: ತಪ್ಪಾದರೆ ಹೊರಬರುವ ದಾರಿಗಳು

ಮೂರು ದಾರಿ ಇವೆ, ಮೂರೂ ದುಬಾರಿ. ಆಟಗಾರನನ್ನು ಎಎಚ್‌ಎಲ್‌ಗೆ (ಎನ್‌ಎಚ್‌ಎಲ್‌ನ ಕೆಳಗಿನ ಹಂತದ ಲೀಗ್) ಕಳಿಸಬಹುದು, ಆದರೆ ಪೂರ್ತಿ ಹಣ ಕ್ಯಾಪಿನಿಂದ ಹೋಗುವುದಿಲ್ಲ. 2025-26ರ ಲೆಕ್ಕದಲ್ಲಿ 1.15 ಮಿಲಿಯನ್ ಮಾತ್ರ ಕಳೆಯುತ್ತದೆ, 4 ಮಿಲಿಯನ್‌ನವನು ಕೆಳಗೆ ಹೋದರೂ 2.85 ನಿಮ್ಮ ಲೆಕ್ಕದಲ್ಲೇ. ಎರಡನೆಯದು, ಟ್ರೇಡ್ ಮಾಡುವಾಗ ಸಂಬಳದ ಒಂದು ಭಾಗ, ಗರಿಷ್ಠ ಅರ್ಧ, ನೀವೇ ಹೊತ್ತುಕೊಳ್ಳುವುದು. ಒಂದು ತಂಡ ಒಂದೇ ಹೊತ್ತಿಗೆ ಇಂಥ ಮೂರು ಕಾಂಟ್ರ್ಯಾಕ್ಟ್ ಮಾತ್ರ ಹೊರಬಹುದು. ಒಂದೇ ವರ್ಷ ಉಳಿದಿದ್ದರೆ ನಾನು ಇದನ್ನೇ ಆರಿಸುತ್ತೇನೆ.

ಮೂರನೆಯದು ಬೈಔಟ್. 26 ದಾಟಿದವನಾದರೆ ಉಳಿದ ಸಂಬಳದ ಮೂರನೇ ಎರಡು ಭಾಗವನ್ನು ಉಳಿದ ವರ್ಷಗಳ ಎರಡರಷ್ಟು ಕಾಲ ಕಟ್ಟುತ್ತಾ ಹೋಗಬೇಕು. ಮಿನ್ನೆಸೋಟ 2012ರ ಜುಲೈ 4ರಂದು ಜ್ಯಾಕ್ ಪರೀಸೆ, ರಯಾನ್ ಸೂಟರ್ ಇಬ್ಬರಿಗೂ 13 ವರ್ಷ, ತಲಾ 98 ಮಿಲಿಯನ್ ಕೊಟ್ಟಿತು. ಇನ್ನೂ ನಾಲ್ಕು ವರ್ಷ ಇರುವಾಗ, 2021ರಲ್ಲಿ, ಇಬ್ಬರನ್ನೂ ಬೈಔಟ್ ಮಾಡಿತು. 2023-24 ಮತ್ತು 2024-25ರಲ್ಲಿ ಆ ತಂಡಕ್ಕಾಗಿ ಆಡದ ಇಬ್ಬರ ಹೆಸರಿನಲ್ಲಿ ವರ್ಷಕ್ಕೆ 14.7 ಮಿಲಿಯನ್ ಕ್ಯಾಪ್ ಸತ್ತುಹೋಯಿತು. ಆ ವರ್ಷಗಳಲ್ಲಿ ಮಿನ್ನೆಸೋಟ ಬೇರೆಯವರಿಗಿಂತ ಆರನೇ ಒಂದು ಭಾಗ ಕಡಿಮೆ ಹಣದಲ್ಲಿ ಆಡಬೇಕಾಯಿತು. 2025-26ರಲ್ಲಿ ಅದು 1.67ಕ್ಕೆ ಇಳಿಯಿತು, ಕಪ್ರಿಜೋವ್ ಅವರಿಗೆ 17 ಕೊಡುವ ಧೈರ್ಯ ಬಂದದ್ದರಲ್ಲಿ ಇದೂ ಒಂದು ಕಾರಣ ಅಂತ ನನ್ನ ಅನಿಸಿಕೆ.

ಗಾಯಾಳುಗಳ ಪಟ್ಟಿಯ ದಾರಿ ಒಂದಿತ್ತು. 2021ರಲ್ಲಿ ಟ್ಯಾಂಪಾದ ನಿಕಿತಾ ಕುಚೆರೋವ್ ಸೊಂಟದ ಶಸ್ತ್ರಚಿಕಿತ್ಸೆಯಿಂದ ಇಡೀ ಲೀಗ್ ಹಂತ ಹೊರಗಿದ್ದು, ಪ್ಲೇಆಫ್ ಮೊದಲ ಪಂದ್ಯಕ್ಕೆ ಮರಳಿ 23 ಪಂದ್ಯದಲ್ಲಿ 32 ಪಾಯಿಂಟ್ (ಗೋಲ್ ಮತ್ತು ಅಸಿಸ್ಟ್ ಸೇರಿ) ಗಳಿಸಿದರು. ಪ್ಲೇಆಫ್‌ನಲ್ಲಿ ಆಗ ಕ್ಯಾಪ್ ಇರಲಿಲ್ಲ. 2025-26ರಿಂದ ಪ್ಲೇಆಫ್ ಪಂದ್ಯಕ್ಕೆ ಇಳಿಯುವ ಇಪ್ಪತ್ತು ಜನರೂ ಕ್ಯಾಪಿನೊಳಗೆ ಇರಬೇಕು. ಆ ಬಾಗಿಲು ಮುಚ್ಚಿತು, ಅದನ್ನು ನಂಬಿ ತಂಡ ಕಟ್ಟಬೇಡಿ.

ಹೆಜ್ಜೆ 10: ಉಳಿಕೆಯನ್ನು ಮಾರ್ಚ್‌ವರೆಗೆ ಕಾಪಾಡಿ

ಕ್ಯಾಪ್ ಲೆಕ್ಕ ದಿನದ ಲೆಕ್ಕ. ಸೀಸನ್ ಸುಮಾರು 190 ದಿನ ಅಂದುಕೊಳ್ಳಿ. ಮೊದಲ ದಿನದಿಂದ ಒಂದು ಮಿಲಿಯನ್ ಖಾಲಿ ಇಟ್ಟರೆ, ಮಾರ್ಚ್‌ನ ಟ್ರೇಡ್ ಗಡುವಿನ ಹೊತ್ತಿಗೆ ಸುಮಾರು 40 ದಿನ ಉಳಿದಿರುತ್ತದೆ. ಆಗ ಆ ಒಂದು ಮಿಲಿಯನ್‌ಗೆ ವರ್ಷಕ್ಕೆ ನಾಲ್ಕೂವರೆ ಮಿಲಿಯನ್‌ಗಿಂತ ಜಾಸ್ತಿ ಸಂಬಳದ ಆಟಗಾರ ಹಿಡಿಸುತ್ತಾನೆ. ನಾವು ಬಿಟ್ಟ 2.25ಕ್ಕೆ ಹತ್ತು ಮಿಲಿಯನ್‌ನವನೇ ಬರಬಹುದು, ಅವನ ತಂಡ ಅರ್ಧ ಸಂಬಳ ಹೊತ್ತುಕೊಂಡರೆ ಅಂಥವರು ಇಬ್ಬರು. ಅಕ್ಟೋಬರ್‌ನಲ್ಲಿ ಅದೇ 2.25ಕ್ಕೆ ಸಿಗುವುದು ನಾಲ್ಕನೇ ಸಾಲಿನ ಒಬ್ಬ ಆಟಗಾರ.

ನವೆಂಬರ್‌ನಲ್ಲಿ ನಾಲ್ಕು ಪಂದ್ಯ ಸತತವಾಗಿ ಸೋತಾಗ ಆ ಹಣ ಕೈ ಕಡಿಯುತ್ತದೆ. ಗೆಳೆಯರ ವಾಟ್ಸ್ಯಾಪ್ ಗುಂಪಿನಲ್ಲಿ ದಿನಕ್ಕೊಂದು ಟ್ರೇಡ್ ಆಫರ್ ಬರುತ್ತದೆ. ತಡೆದುಕೊಳ್ಳಿ. ಜನವರಿ ಕೊನೆಯ ಹೊತ್ತಿಗೆ ಯಾವ ತಂಡಗಳು ಪ್ಲೇಆಫ್ ಆಸೆ ಬಿಟ್ಟಿವೆ ಅನ್ನುವುದು ಸ್ಪಷ್ಟವಾಗುತ್ತದೆ. ಆ ತಂಡಗಳಲ್ಲಿ ಇದೇ ಜೂನ್‌ಗೆ ಕಾಂಟ್ರ್ಯಾಕ್ಟ್ ಮುಗಿಯುವವರ ಹೆಸರುಗಳನ್ನು ಒಂದು ಕಡೆ ಬರೆದಿಡಿ, ಅವರ ಕ್ಯಾಪ್ ಹಿಟ್ ಪಕ್ಕದಲ್ಲಿ ಉಳಿದ ದಿನಗಳ ಲೆಕ್ಕ ಹಾಕಿ, ಯಾರು ಒಳಗೆ ಹಿಡಿಸುತ್ತಾರೆ ಅಂತ ಗುರುತು ಮಾಡಿ. ಗಡುವಿನ ವಾರ ಫೋನ್ ಬಂದಾಗ ಮೊದಲು ಆ ಪಟ್ಟಿ ನೋಡಿ. ಅವನ ಕಾಂಟ್ರ್ಯಾಕ್ಟ್ ಜೂನ್ ದಾಟಿ ಹೋಗುತ್ತಿದ್ದರೆ, "ಹೂಂ" ಅನ್ನುವ ಮುಂಚೆ ಮೂರನೇ ಹೆಜ್ಜೆಯ ಹಾಳೆ ತೆರೆದು ಮುಂದಿನ ಕಾಲಂನಲ್ಲಿ ಅವನ ಹೆಸರು ಬರೆದು ಮತ್ತೊಮ್ಮೆ ಕೂಡಿಸಿ.